ಜಟಿಂಗ ರಾಮೇಶ್ವರದ ಶಾಸನವೂ ತಾಯಿಯ ದುಡಿಮೆಯೂ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಜಟಿಂಗ ರಾಮೇಶ್ವರವೆಂಬ ಬೆಟ್ಟವಿದೆ. ಸೀತೆಯನ್ನು ಹೊತ್ತೊಯ್ಯುತ್ತಿದ್ದ ರಾವಣನನ್ನು ತಡೆದು ಜಟಾಯು ಬಿದ್ದದ್ದು ಇಲ್ಲಿಯೇ ಎಂದು ಆ ಕಡೆಯ ಜನ ಹೇಳುತ್ತಾರೆ. ಬೆಟ್ಟದ ಮೇಲೆ ರಾಮೇಶ್ವರನ ಪುರಾತನ ಗುಡಿ. ಗುಡಿಯ ಸಮೀಪದ ಬಂಡೆಯೊಂದರ ಮೇಲೆ ಅಶೋಕ ಚಕ್ರವರ್ತಿಯ ಶಾಸನ. ಇದನ್ನೂ ಕೆಲವೇ ಮೈಲಿ ದೂರದ ಬ್ರಹ್ಮಗಿರಿ ಮತ್ತು ಸಿದ್ಧಾಪುರದ ಶಾಸನಗಳನ್ನೂ 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಸಂಗತಿ ನಿಮ್ಮಲ್ಲಿ ಅನೇಕರಿಗೆ ತಿಳಿದೇ ಇರುತ್ತದೆ. ಆದರೆ ಊರವರಿಗೆ ಆ ಬಂಡೆ ಅಶೋಕನದಲ್ಲ. ಅವರು ಅದಕ್ಕೆ ಇಟ್ಟ ಹೆಸರು ಬಳೆಗಾರನ ಗುಂಡು. ಜಾತ್ರೆಯ ದಿನಗಳಲ್ಲಿ ಬಳೆ ಮಾರುವವರು ಅದರ ಮೇಲೆ ಅಂಗಡಿ ಹೂಡುತ್ತಿದ್ದರು. ಚಕ್ರವರ್ತಿಯ ಅಕ್ಷರಗಳು ಬಹುಮಟ್ಟಿಗೆ ಸವೆದುಹೋಗಿವೆ. ಬ್ರಹ್ಮಗಿರಿಯ ಪಾಠವನ್ನು ಪಕ್ಕದಲ್ಲಿಟ್ಟುಕೊಂಡಲ್ಲದೆ ಇಲ್ಲಿಯ ಸಾಲುಗಳನ್ನು ಓದುವುದು ಕಷ್ಟ.

ಆ ಪಾಠದಲ್ಲಿ ಏನಿದೆ? ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲ ಪಟ್ಟಣದ ಮಹಾಮಾತ್ರರಿಗೆ ಕುಶಲವನ್ನು ಕೇಳಿ, ಚಕ್ರವರ್ತಿಯ ಆಜ್ಞೆಯನ್ನು ತಲುಪಿಸುತ್ತಾರೆ. ತಾಯಿತಂದೆಯರ ಶುಶ್ರೂಷೆ ಮಾಡಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು, ಬಂಧುಗಳೊಡನೆ ತಕ್ಕ ರೀತಿಯಲ್ಲಿ ನಡೆಯಬೇಕು. ಇದು ಪುರಾತನವಾದ ನಡತೆ, ಆಯುಸ್ಸನ್ನು ಹೆಚ್ಚಿಸುವಂಥದು ಎಂಬುದು ಅದರ ತಾತ್ಪರ್ಯ. ಕೊನೆಯಲ್ಲಿ ಬರೆದವನ ಹೆಸರು, ಚಪಡ; ಅವನ ಕಸುಬಿನ ಹೆಸರು ಮಾತ್ರ ದೂರದ ವಾಯವ್ಯ ದೇಶದ ಖರೋಷ್ಠೀ ಲಿಪಿಯಲ್ಲಿ. ಸುಮಾರು 2,250 ವರ್ಷಗಳ ಹಿಂದಿನ ಮಾತು ಇದು. ಕನ್ನಡ ನಾಡಿನಲ್ಲಿ ದೊರೆತಿರುವ ಬರವಣಿಗೆಗಳಲ್ಲಿ ಇಷ್ಟು ಹಳೆಯವು ಬಹಳ ವಿರಳ. ಅಂಥದರಲ್ಲಿ, ಸಮಾಸದ ಮೊದಲಲ್ಲಿಯೇ ತಾಯಿ ಇದ್ದಾಳೆ, ತಂದೆ ಆಮೇಲೆ. ಇದನ್ನು ಓದಿದಾಗ ನಮಗೆ ಹೆಮ್ಮೆಯಾಗುವುದು ಸಹಜ.

ಆ ಹೆಮ್ಮೆಯನ್ನು ಒಂದು ಗಳಿಗೆ ಪಕ್ಕಕ್ಕಿಟ್ಟು ಯೋಚಿಸೋಣ. ಈ ಆಜ್ಞೆ ಯಾರಿಗೆ? ನೆರೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಇದೇ ಶಾಸನದ ಮತ್ತೊಂದು ಪಾಠವಿದೆ. ಅದರಲ್ಲಿ ಇದನ್ನು ಯಾರು ಯಾರಿಗೆ ತಿಳಿಸಬೇಕೆಂಬ ವಿವರವುಂಟು: ಆನೆ ಏರುವವರು, ಲೆಕ್ಕಪತ್ರ ಬರೆಯುವವರು, ರಥದ ವಿದ್ಯೆ ಬಲ್ಲವರು, ಪಾಠ ಹೇಳುವ ಬ್ರಾಹ್ಮಣರು. ಎಲ್ಲವೂ ಗಂಡಸರ ಕಸುಬುಗಳೇ. ಅಂದರೆ ತಾಯಿಯ ಶುಶ್ರೂಷೆ ಮಾಡಬೇಕೆಂದು ಚಕ್ರವರ್ತಿ ಹೇಳಿದ್ದು ಗಂಡುಮಕ್ಕಳಿಗೆ. ಆ 'ಶುಶ್ರೂಷೆ' ಎಂಬ ಪದವನ್ನೇ ನೋಡಿ. ಅದರ ಮೂಲಾರ್ಥ ಕೇಳುವ ಇಚ್ಛೆ, ಹೇಳಿದ ಮಾತನ್ನು ಕಿವಿಗೊಟ್ಟು ಕೇಳುವುದು. ಅದೇ ಪದ ಕನ್ನಡದಲ್ಲಿ ಹಾಸಿಗೆ ಹಿಡಿದವರ ಆರೈಕೆ ಎಂಬ ಅರ್ಥವನ್ನು ಪಡೆಯಿತು. ಆಸ್ಪತ್ರೆಯ ದಾದಿ 'ಶುಶ್ರೂಷಕಿ'ಯಾದಳು. ಕೇಳುವ ಕೆಲಸ ಮಗನಿಗೆ ಉಳಿಯಿತು, ಮಾಡುವ ಕೆಲಸ ಸೊಸೆಗೆ ಬಂತು. ಒಂದು ಪದದ ಬಾಳಿನಲ್ಲಿ ಇಷ್ಟೊಂದು ಚರಿತ್ರೆ ಅಡಗಿರುವುದನ್ನು ನಾನು ಬೇರೆ ಕಡೆ ಹೆಚ್ಚಾಗಿ ಕಂಡಿಲ್ಲ.

ಅಶೋಕನನ್ನು ದೂರುವುದು ನನ್ನ ಉದ್ದೇಶವಲ್ಲ. ಸ್ತ್ರೀಯರ ಯೋಗಕ್ಷೇಮವನ್ನು ನೋಡಿಕೊಳ್ಳುವುದಕ್ಕೆಂದೇ ಅಧಿಕಾರಿಗಳನ್ನು ನೇಮಿಸಿದ್ದ ವಿಷಯ ಅವನ ಹನ್ನೆರಡನೆಯ ಬಂಡೆಶಾಸನದಿಂದ ತಿಳಿಯುತ್ತದೆ. ಅವನ ಶಾಸನಗಳಲ್ಲಿ ಹೆಸರು ಹೇಳಿಸಿಕೊಂಡ ರಾಣಿ ಒಬ್ಬಳೇ, ಕಾರುವಾಕಿ. ಅವಳನ್ನು ಗುರುತಿಸಿರುವುದು ತೀವರನ ತಾಯಿ ಎಂದು. ಒಂಬತ್ತನೆಯ ಶಾಸನದಲ್ಲಿ ಅವನೇ, ಮಕ್ಕಳು ಹುಟ್ಟಿದಾಗ, ಕಾಯಿಲೆಯಾದಾಗ, ಮದುವೆಯಲ್ಲಿ, ಪ್ರಯಾಣದಲ್ಲಿ ಹೆಂಗಸರು ಬಗೆಬಗೆಯ ಕ್ಷುದ್ರ ಆಚರಣೆಗಳನ್ನು ಮಾಡುತ್ತಾರೆ ಎಂದು ಬೇಸರಪಟ್ಟುಕೊಳ್ಳುತ್ತಾನೆ. ಹುಟ್ಟು, ಕಾಯಿಲೆ, ಮದುವೆ, ಪ್ರಯಾಣ: ಈ ನಾಲ್ಕರಲ್ಲಿಯೂ ರಾತ್ರಿಯೆಲ್ಲ ಎದ್ದು ಕುಳಿತವರು ಯಾರೆಂಬುದು ಆ ಪಟ್ಟಿಯಿಂದಲೇ ಗೊತ್ತಾಗುತ್ತದೆ. ಆಚರಣೆ ಚಕ್ರವರ್ತಿಯ ಕಣ್ಣಿಗೆ ಬಿತ್ತು. ಅದರ ಹಿಂದಿನ ದುಡಿಮೆಯ ಬಗ್ಗೆ ಬಂಡೆಯ ಮೇಲೆ ಒಂದು ಅಕ್ಷರವೂ ಇಲ್ಲ.

ಬರವಣಿಗೆಯಲ್ಲಿ ಇಲ್ಲದ್ದನ್ನು ಮಣ್ಣಿನಲ್ಲಿ ಹುಡುಕಬಹುದೇ? ಬ್ರಹ್ಮಗಿರಿಯ ತಪ್ಪಲಿನಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಉತ್ಖನನ ನಡೆಸಿದರು. ಅದಕ್ಕೂ ಮುಂಚೆ ಮೈಸೂರಿನ ಡಾಕ್ಟರ್ ಎಂ. ಎಚ್. ಕೃಷ್ಣ ಅವರು ಅಲ್ಲಿ ಅಗೆದಿದ್ದರು. ಅಶೋಕನಿಗಿಂತ ಎಷ್ಟೋ ಹಿಂದಿನ, ಕಲ್ಲಿನ ಕೊಡಲಿ ಬಳಸುತ್ತಿದ್ದ ಜನರ ವಸತಿ ಅಲ್ಲಿ ಸಿಕ್ಕಿತು. ಆ ಜನ ಸತ್ತ ದೊಡ್ಡವರನ್ನು ನೆಲದಲ್ಲಿ ನೀಳವಾಗಿ ಮಲಗಿಸಿ ಹೂಳುತ್ತಿದ್ದರು. ಎಳೆಯ ಕೂಸುಗಳನ್ನು ಮಾತ್ರ ಮಡಕೆಯೊಳಗಿಟ್ಟು ಹೂಳುತ್ತಿದ್ದರು. ಈ ಸೀಮೆಯ ಅದೇ ಕಾಲದ ನೆಲೆಗಳಲ್ಲಿ ಮತ್ತೆ ಮತ್ತೆ ಸಿಕ್ಕುವ ವಸ್ತು ಕಾಳನ್ನು ಅರೆಯುವ ಕಲ್ಲು. ಆ ಕಲ್ಲಿನ ಮುಂದೆ ಮಂಡಿಯೂರಿ, ಮುಂದಕ್ಕೂ ಹಿಂದಕ್ಕೂ ಬಾಗಿ, ದಿನದಿನವೂ ಗಂಟೆಗಟ್ಟಲೆ ಅರೆದರೆ ದೇಹಕ್ಕೆ ಏನಾಗುತ್ತದೆಂಬುದನ್ನು ಸಿರಿಯಾ ದೇಶದ ಅಬು ಹುರೇರಾ ಎಂಬಲ್ಲಿಯ ಅಸ್ಥಿಪಂಜರಗಳು ತೋರಿಸಿಕೊಟ್ಟಿವೆ. ಥಿಯಾ ಮಾಲ್ಸನ್ ಎಂಬ ವಿದುಷಿ ಅವನ್ನು ಪರೀಕ್ಷಿಸಿದಾಗ ಕಾಲ್ಬೆರಳು, ಮಂಡಿ, ಸೊಂಟದ ಮೂಳೆಗಳು ಸವೆದು ವಿಕಾರವಾಗಿದ್ದುದನ್ನು ಕಂಡರು. ಹಾಗಾದದ್ದು ಬಹುಪಾಲು ಹೆಂಗಸರಲ್ಲಿ. ಶಾಸನ ಹೇಳದಿದ್ದುದನ್ನು ಮೂಳೆ ಹೇಳಿತು.

ಇನ್ನು ಕೂಲಿಯ ದುಡಿಮೆ. ಮನೆಯ ಹೆಂಗಸು ಸಂಬಳಕ್ಕೂ ದುಡಿಯುವುದು ಈಚಿನ ಪದ್ಧತಿಯೆಂದೂ, ಪೇಟೆಯ ಆಫೀಸುಗಳು ಬಂದ ಮೇಲೆ ಹುಟ್ಟಿದ ತೊಂದರೆಯೆಂದೂ ನಂಬುವವರಿದ್ದಾರೆ. ಅವರು ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಸೂತ್ರಾಧ್ಯಕ್ಷನ ಪ್ರಕರಣವನ್ನು ಓದಬೇಕು. ಆ ಗ್ರಂಥ ಈಗಿನ ರೂಪಕ್ಕೆ ಬಂದದ್ದು ಮೌರ್ಯರ ತರುವಾಯ ಎನ್ನುವ ವಿದ್ವಾಂಸರಿದ್ದಾರೆ, ಅದಿರಲಿ. ವಿಧವೆಯರು, ಅಂಗವಿಕಲೆಯರು, ಕನ್ಯೆಯರು, ಮನೆಯಿಂದ ಹೊರಬಾರದ ಹೆಂಗಸರು ಮೊದಲಾದವರಿಂದ ನೂಲು ತೆಗೆಸಬೇಕು. ಹೊರಬಾರದವರಿಗೆ ದಾಸಿಯರ ಮೂಲಕ ಕೆಲಸವನ್ನು ಮನೆಗೇ ಕಳುಹಿಸಬೇಕು. ತಾವಾಗಿ ಬರುವವರು ನಸುಕಿನಲ್ಲಿ ಬಂದು ನೂಲೊಪ್ಪಿಸಿ ಕೂಲಿ ಪಡೆಯಬೇಕು. ದೀಪ ನೂಲನ್ನು ಪರೀಕ್ಷಿಸುವುದಕ್ಕೆ ಸಾಕಾಗುವಷ್ಟೇ ಇರಬೇಕು. ಅಧಿಕಾರಿ ಹೆಂಗಸಿನ ಮುಖ ನೋಡಿದರೆ ದಂಡ, ಕೂಲಿ ಕೊಡಲು ತಡಮಾಡಿದರೂ ದಂಡ. ಇಷ್ಟು ಸೂಕ್ಷ್ಮವಾಗಿ ಯೋಚಿಸಿದ ಗ್ರಂಥಕರ್ತನಿಗೆ, ಆಕೆ ನೂಲುತ್ತಿರುವಾಗ ಒಲೆಯ ಮುಂದೆ ಯಾರಿದ್ದರು, ಅಳುವ ಮಗುವನ್ನು ಯಾರೆತ್ತಿಕೊಂಡರು ಎಂಬುದು ಪ್ರಶ್ನೆಯಾಗಿಯೇ ತೋರಲಿಲ್ಲ.

ಹನ್ನೆರಡನೆಯ ಶತಮಾನದ ಶರಣರ ಕಾಲದಲ್ಲಿ ಒಂದು ಬೆಳಕಿನ ಗೆರೆ ಕಾಣುತ್ತದೆ. ಕದಿರ ರೆಮ್ಮವ್ವೆ, ಕೊಟ್ಟಣದ ಸೋಮಮ್ಮ, ಆಯ್ದಕ್ಕಿ ಲಕ್ಕಮ್ಮ: ಇಲ್ಲಿ ನೂಲುವುದು, ಭತ್ತ ಕುಟ್ಟುವುದು, ಚೆಲ್ಲಿದ ಅಕ್ಕಿಯನ್ನು ಆಯುವುದು ಕಾಯಕವೆಂಬ ಗೌರವದ ಹೆಸರು ಪಡೆದವು, ಮಾಡಿದವರ ಹೆಸರಿಗೆ ಅಂಟಿಕೊಂಡು ಉಳಿದವು. ಒನಕೆಗೆ ಹೆಸರು ಬಂದದ್ದು ಸಣ್ಣ ಸಂಗತಿಯಲ್ಲ. ಆದರೂ ತೊಟ್ಟಿಲು ತೂಗುವ ಕಾಯಕದ ಶರಣನೊಬ್ಬನ ಹೆಸರು ನಮಗೆ ಬಂದಿಲ್ಲ.

ಈಗ ಬೆಟ್ಟದಿಂದಿಳಿದು ಮೊಳಕಾಲ್ಮೂರಿಗೆ ಬನ್ನಿ. ಆ ಊರಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಅಂಗಡಿಯಲ್ಲಿ ಸೀರೆಯನ್ನು ಬಿಡಿಸಿ ಸೆರಗು ತೋರಿಸುವಾಗ ನೇಕಾರನ ಕೈಚಳಕವನ್ನು ಹೊಗಳುವುದುಂಟು. ಮಗ್ಗದ ಮೇಲೆ ಕುಳಿತವನು ನೇಕಾರ. ಆದರೆ ಮಗ್ಗಕ್ಕೆ ಹಾಸು ಏರುವ ಮುಂಚೆ ಲಡಿಯ ರೇಷ್ಮೆಯನ್ನು ಬಿಡಿಸಬೇಕು, ಹರಿದ ಎಳೆಯನ್ನು ಹೊಸೆದು ಸೇರಿಸಬೇಕು, ರಾಟೆಯ ಮೇಲೆ ಸುತ್ತಬೇಕು. ನೇಯ್ಗೆ ನಡೆಯುತ್ತಿರುವಷ್ಟು ಹೊತ್ತೂ ಲಾಳಿಗೆ ಕಂಡಿಕೆ ಒದಗಿಸುತ್ತಲೇ ಇರಬೇಕು. ಕಂಡಿಕೆ ತಡವಾದರೆ ಮಗ್ಗ ನಿಂತಿತು. ಕೈಮಗ್ಗದ ಮನೆಗಳಲ್ಲಿ ಈ ಕೆಲಸವೆಲ್ಲ ಬಹುಮಟ್ಟಿಗೆ ಹೆಂಗಸಿನದು. ಒಂದು ಕೈ ರಾಟೆಯ ಹಿಡಿಯ ಮೇಲೆ, ಇನ್ನೊಂದು ಕೈ ಎಳೆಯ ಮೇಲೆ, ಜೋಲಿಯ ಹಗ್ಗ ಕಾಲಿನ ಹೆಬ್ಬೆರಳಿಗೆ, ಕಿವಿ ಒಲೆಯ ಮೇಲಿನ ಎಸರಿನ ಕಡೆಗೆ. ಚಳ್ಳಕೆರೆಯ ಕಡೆಯ ಕಂಬಳಿಯೂ ಹೀಗೆಯೇ: ಕುರಿಯ ಉಣ್ಣೆಯನ್ನು ಹಿಂಜಿ ನೂಲುವವಳು ಆಕೆ, ನೇಯುವವನು ಆತ, ಹುಣಿಸೆಬೀಜದ ಗಂಜಿ ಕಾಯಿಸುವ ಕೆಲಸವೂ ಅಡಿಗೆಯ ಜೊತೆಗೇ ಒಲೆಯ ಮೇಲೆ ಬರುತ್ತದೆ. ಸೀರೆಯ ಕೂಲಿ, ಕಂಬಳಿಯ ಬೆಲೆ ಸಲ್ಲುವುದು ಮಗ್ಗದ ಲೆಕ್ಕಕ್ಕೆ. ಮಗ್ಗ ಯಾರ ಹೆಸರಿನಲ್ಲಿದೆಯೋ ದುಡಿಮೆಯೂ ಅವರದೇ ಎಂದಾಯಿತು. ಅದೇ ಮನೆಯಲ್ಲಿ "ನಿಮ್ಮ ಮನೆಯವರು ಏನು ಮಾಡುತ್ತಾರೆ?" ಎಂದು ಗಂಡಸನ್ನು ಕೇಳಿ ನೋಡಿ. "ಏನಿಲ್ಲ, ಮನೇಲೇ ಇರ್ತಾರೆ" ಎಂಬ ಉತ್ತರ ಬಂದರೆ ಆಶ್ಚರ್ಯಪಡಬೇಕಾಗಿಲ್ಲ.

ಸರ್ಕಾರದ ಲೆಕ್ಕವೂ ಬಹುಕಾಲ ಹೀಗೆಯೇ ಉತ್ತರಿಸಿತು. ಜನಗಣತಿಯಲ್ಲಿ ಮನೆವಾರ್ತೆಯಲ್ಲಿಯೇ ತೊಡಗಿದವಳು 'ಕೆಲಸ ಮಾಡದವಳು' ಎಂಬ ವರ್ಗಕ್ಕೆ ಸೇರಿದಳು. ಸ್ವಂತ ಹೊಲದಲ್ಲೋ ಮನೆಯ ಕಸುಬಿನಲ್ಲೋ ಸಂಬಳವಿಲ್ಲದೆ ದುಡಿದದ್ದೂ ಕೆಲಸವೇ ಎಂಬುದನ್ನು ಗಣತಿಯ ಪ್ರಶ್ನೆಯಲ್ಲಿಯೇ ಸ್ಪಷ್ಟವಾಗಿ ಸೇರಿಸಿದ್ದು 1991ರಲ್ಲಿ. 2019-20ರ ಕೈಮಗ್ಗ ಗಣತಿ ದೇಶದ ನೇಕಾರರಲ್ಲಿ ನೂರಕ್ಕೆ ಸುಮಾರು 72 ಮಂದಿ ಹೆಂಗಸರೆಂದು ಎಣಿಸಿತು. ಈಶಾನ್ಯ ರಾಜ್ಯಗಳ ಮನೆಮನೆಯ ಮಗ್ಗಗಳಿಂದ ಈ ಸಂಖ್ಯೆ ಏರಿದೆಯೆಂಬುದು ನಿಜ. ಆದರೂ ನೇಕಾರ ಎಂದೊಡನೆ ನಮ್ಮ ಕಣ್ಣಮುಂದೆ ಬರುವ ಚಿತ್ರ ಯಾರದು, ಹೇಳಿ.

2019ರಲ್ಲಿ ರಾಷ್ಟ್ರೀಯ ಅಂಕಿಸಂಖ್ಯೆ ಕಚೇರಿ ಜನ ದಿನದ 24 ಗಂಟೆಗಳನ್ನು ಹೇಗೆ ಕಳೆಯುತ್ತಾರೆಂದು ವಿಚಾರಿಸಿತು. ಆರು ವರ್ಷ ಮೀರಿದ ಹೆಂಗಸರಲ್ಲಿ ನೂರಕ್ಕೆ 81 ಮಂದಿ ಆ ದಿನ ಸಂಬಳವಿಲ್ಲದ ಮನೆಗೆಲಸ ಮಾಡಿದ್ದರು. ಗಂಡಸರಲ್ಲಿ ನೂರಕ್ಕೆ 26 ಮಂದಿ. ಮಾಡಿದವರಲ್ಲಿಯೂ ಹೆಂಗಸಿನ ಪಾಲು ದಿನಕ್ಕೆ 299 ನಿಮಿಷ, ಗಂಡಸಿನದು 97. ಮಕ್ಕಳು, ಮುದುಕರು, ಕಾಯಿಲೆಯವರ ಆರೈಕೆ ಬೇರೆ: ಅದರಲ್ಲಿ ತೊಡಗಿದವರ ಪೈಕಿ ಹೆಂಗಸಿಗೆ 134 ನಿಮಿಷ, ಗಂಡಸಿಗೆ 76. ಈ ಲೆಕ್ಕವನ್ನು ಓದುವಾಗ ಒಂದು ಮಾತು ಜ್ಞಾಪಕದಲ್ಲಿರಲಿ. ನಿಮಿಷಗಳನ್ನು ಎಣಿಸಬಹುದು, ನಾಳೆ ಹಾಲಿಗೆ ಹೇಳಿದೆನೇ, ಮಗುವಿನ ಚುಚ್ಚುಮದ್ದಿನ ದಿನ ಯಾವುದು, ಅತ್ತೆಯ ಮಾತ್ರೆ ಮುಗಿಯಿತೇ ಎಂದು ಮನಸ್ಸಿನಲ್ಲಿ ಓಡುತ್ತಿರುವ ಪಟ್ಟಿಯನ್ನು ಯಾವ ಗಣತಿದಾರನೂ ಬರೆದುಕೊಳ್ಳಲಾರ. ಬ್ಯಾಂಕಿನಲ್ಲಿ ಶಾಲೆಯಲ್ಲಿ ಕೆಲಸಕ್ಕಿರುವ ನಿಮ್ಮ ಮನೆಯ ಹೆಣ್ಣುಮಗಳು ಸಂಜೆ ಬಂದು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಾಗ ಎರಡನೆಯ ಪಾಳಿ ಆರಂಭವಾಗುತ್ತದೆ. ಆ ಹೊತ್ತಿಗೆ ನಮ್ಮಲ್ಲಿ ಅನೇಕರು ವಾರ್ತೆ ಕೇಳುತ್ತಿರುತ್ತೇವೆ. ವಾರ್ತೆ ಆಕೆಯ ಕಿವಿಗೂ ಬೀಳುತ್ತದೆ, ಒಗ್ಗರಣೆಯ ಸದ್ದಿನ ನಡುವೆ.

"ಇದು ಹೆಣ್ಣಿನ ಸ್ವಭಾವಕ್ಕೆ ಒಪ್ಪುವ ಕೆಲಸ, ಗಂಡಸಿಗೆ ಒಗ್ಗುವುದಿಲ್ಲ" ಎಂಬ ಸಮಾಧಾನವನ್ನು ನೀವು ಕೇಳಿರುತ್ತೀರಿ. ಚರಿತ್ರೆ ಇದಕ್ಕೆ ಒಪ್ಪಿಗೆ ಕೊಡುವುದಿಲ್ಲ. ಬೆಳಗಿನ ಜಾವ ಬೀಸುಕಲ್ಲಿನ ಮುಂದೆ ಕುಳಿತು ಹಾಡಿದವರು ಹೆಂಗಸರು. ಹಲಸಂಗಿಯ ಗೆಳೆಯರು ಆ ಪದಗಳನ್ನು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ಎಂದು ಅಚ್ಚು ಹಾಕಿಸಿದ್ದರಿಂದ ಅವರ ದನಿ ನಮಗೆ ಉಳಿಯಿತು. ಊರಿಗೆ ವಿದ್ಯುಚ್ಛಕ್ತಿ ಬಂದು ಹಿಟ್ಟಿನ ಗಿರಣಿ ಕುಳಿತಿತು. ಬೀಸುವ ಕೆಲಸಕ್ಕೆ ಯಂತ್ರವೂ ಕಾಸೂ ಸೇರಿದೊಡನೆ ಅದನ್ನು ಮಾಡುವವನು ಗಂಡಸಾದ! ಹೋಟೆಲಿನ ಅಡಿಗೆ ಭಟ್ಟರು, ಮದುವೆಯ ಮನೆಯ ಬಾಣಸಿಗರು, ಬಟ್ಟೆ ಹೊಲಿಯುವ ದರ್ಜಿ, ಇವರಿಗೆಲ್ಲ ಒಗ್ಗಿದ ಕೆಲಸ ಮನೆಯ ಹೊಸ್ತಿಲೊಳಗೆ ಮಾತ್ರ ಒಗ್ಗದೆ ಹೋಗುವುದು ಹೇಗೆ? ಗಿರಣಿಯಿಂದ ಹೆಂಗಸಿಗೆ ಉಪಕಾರವಾಗಲಿಲ್ಲವೆಂದು ನಾನು ಹೇಳುತ್ತಿಲ್ಲ. ಮಹದುಪಕಾರವಾಯಿತು. ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುವ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಮನೆಯ ಬಾಗಿಲಿಗೆ ನೀರಿನ ಕೊಳಾಯಿ ಬಂದರೆ ಆಗುವ ಉಪಕಾರ ಅದಕ್ಕಿಂತ ದೊಡ್ಡದು. ಇವು ಕೆಲಸವನ್ನು ಕಡಿಮೆ ಮಾಡಿದವು. ಉಳಿದ ಕೆಲಸ ಯಾರದೆಂಬ ಮಾತಿಗೆ ಮಾತ್ರ ಹೋಗಲಿಲ್ಲ. ಹಿಟ್ಟಿನ ಡಬ್ಬವನ್ನು ಗಿರಣಿಗೆ ಹೊತ್ತವಳೂ ಆಕೆಯೇ, ಕೊಳಾಯಿಯ ಸರದಿಗೆ ಎದ್ದವಳೂ ಆಕೆಯೇ.

ಕಾನೂನು ಏನು ಮಾಡಿತು? 1961ರ ಹೆರಿಗೆ ಸೌಲಭ್ಯ ಕಾಯಿದೆ 12 ವಾರಗಳ ಸಂಬಳದ ರಜೆಯನ್ನು ಕೊಟ್ಟಿತು. 2017ರ ತಿದ್ದುಪಡಿ ಅದನ್ನು ಮೊದಲ ಎರಡು ಮಕ್ಕಳಿಗೆ 26 ವಾರಗಳಿಗೆ ಏರಿಸಿತು; 50 ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಶಿಶುಗೃಹವಿರಬೇಕೆಂದೂ, ತಾಯಿಗೆ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಅವಕಾಶ ಕೊಡಬೇಕೆಂದೂ ವಿಧಿಸಿತು. ಒಳ್ಳೆಯದೇ. ಆದರೆ ಹೋಗಿಬರುವವಳು ತಾಯಿ ಎಂದೇ ಕಾಯಿದೆಯೂ ಬಗೆದಿತ್ತು. ತಂದೆಗೆ ಅದರಲ್ಲಿ ಒಂದು ದಿನದ ರಜೆಯೂ ಇರಲಿಲ್ಲ. ಕೇಂದ್ರ ಸರ್ಕಾರದ ನೌಕರರಿಗೆ ಬೇರೆ ನಿಯಮದಂತೆ 15 ದಿನ ಸಿಕ್ಕುವುದೇ ಹೆಚ್ಚು. ಸ್ವೀಡನ್ ದೇಶ 1974ರಲ್ಲಿಯೇ ಮಗುವಿನ ರಜೆಯನ್ನು ತಂದೆತಾಯಿಯರಿಬ್ಬರಿಗೂ ತೆರೆದಿಟ್ಟಿತು. ತೆರೆದಿಟ್ಟರೂ ಗಂಡಸರು ಹೆಚ್ಚಾಗಿ ಮುಂದೆ ಬರಲಿಲ್ಲ. 1995ರಲ್ಲಿ ಒಂದು ತಿಂಗಳನ್ನು ತಂದೆಯೇ ತೆಗೆದುಕೊಳ್ಳಬೇಕು, ಇಲ್ಲವಾದರೆ ಅದು ಸಂಸಾರಕ್ಕೇ ನಷ್ಟ ಎಂದು ಕಟ್ಟು ಮಾಡಿದ ಮೇಲೆ ಬಂದರು! ಮನಸ್ಸಿನ ಪರಿವರ್ತನೆಗಾಗಿ ಕಾದು ಕುಳಿತಿದ್ದರೆ ಇನ್ನೂ ಎಷ್ಟು ಕಾಲ ಹಿಡಿಯುತ್ತಿತ್ತೋ.

ಇನ್ನು ಮನೆಯಲ್ಲಿಯೇ ಕಂಡಿಕೆ ಸುತ್ತುವವಳಿಗೆ, ಉಣ್ಣೆ ನೂಲುವವಳಿಗೆ, ಕಡಲೆಕಾಯಿ ಬಿಡಿಸಲು ಕೂಲಿಗೆ ಹೋಗುವವಳಿಗೆ ಈ ಕಾಯಿದೆಯ ರಜೆ ಎಲ್ಲಿಂದ ಬರಬೇಕು? ಅವರ ಪಾಲಿಗೆ ಬಂದದ್ದು ಅಂಗನವಾಡಿ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾದ ಈ ಯೋಜನೆಗೆ ನಮ್ಮ ರಾಜ್ಯದಲ್ಲಿ ಮೊದಲು ಆರಿಸಿದ್ದು ಟಿ. ನರಸೀಪುರವನ್ನು. ಊರ ಮಕ್ಕಳಿಗೆ ಉಣಿಸಿ, ಹಾಡು ಹೇಳಿಕೊಟ್ಟು, ತೂಕ ನೋಡಿ, ಬಸುರಿಯರ ಮನೆಗೆ ಹೋಗಿ ವಿಚಾರಿಸಿಕೊಳ್ಳುವ ಕಾರ್ಯಕರ್ತೆಗೆ ಸರ್ಕಾರ ಕೊಡುತ್ತ ಬಂದಿರುವ ಹಣದ ಹೆಸರೇನು ಗೊತ್ತೆ? ಗೌರವಧನ. ಸಂಬಳವೆನ್ನುವುದಿಲ್ಲ. ಬಂಡೆಯ ಮೇಲೆ ತಾಯಿಗೆ ದೊರೆತದ್ದೂ ಗೌರವವೇ. ನಮ್ಮ ಮನೆಗಳಲ್ಲಿ ಹಬ್ಬದ ದಿನ ಅರಿಸಿನ ಕುಂಕುಮದೊಡನೆ ದೊರೆಯುವುದೂ ಅದೇ. ಗೌರವ ಬೇಡವೆಂದು ಯಾರೂ ಹೇಳುವುದಿಲ್ಲ. ಅದನ್ನು ಕೊಟ್ಟ ಕೈ ಆಮೇಲೆ ಎಂಜಲು ತಟ್ಟೆಯನ್ನು ಎತ್ತಿತೇ ಎಂಬುದಷ್ಟೇ ಪ್ರಶ್ನೆ.

ಈ ದೃಷ್ಟಿಯಿಂದ ನನಗೆ ಬಹಳ ಮುಖ್ಯವಾಗಿ ತೋರುವುದು 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯಲ್ಲಿದ್ದ ಸಣ್ಣ ನಿಯಮವೊಂದು. ಕೆರೆಯ ಹೂಳೆತ್ತುವ ಕಡೆಗೋ ಬದು ಹಾಕುವ ಕಡೆಗೋ ಬಂದ ಹೆಂಗಸರೊಡನೆ ಆರು ವರ್ಷದೊಳಗಿನ ಮಕ್ಕಳು ಐವರು ಅಥವಾ ಅದಕ್ಕೂ ಹೆಚ್ಚು ಇದ್ದರೆ, ಆ ಹೆಂಗಸರಲ್ಲಿ ಒಬ್ಬಳನ್ನು ಮಕ್ಕಳನ್ನು ನೋಡಿಕೊಳ್ಳಲು ಬಿಡಬೇಕು, ಮಣ್ಣು ಹೊತ್ತವರಿಗೆ ಸಲ್ಲುವ ಕೂಲಿ ಅವಳಿಗೂ ಸಲ್ಲಬೇಕು ಎಂದಿತ್ತು ಆ ನಿಯಮ. ಮಣ್ಣು ಹೊರುವುದೂ ಮಗು ನೋಡುವುದೂ ಒಂದೇ ತೂಕದ ಕೆಲಸವೆಂದು ಇಷ್ಟು ನೇರವಾಗಿ ಒಪ್ಪಿದ ಸರ್ಕಾರಿ ಬರಹವನ್ನು ನಾನು ಬೇರೆ ಕಂಡಿಲ್ಲ. ಕಾಗದದ ಮೇಲಿದ್ದಷ್ಟು ಅದು ಕೆಲಸದ ಜಾಗದಲ್ಲಿ ಕಾಣಲಿಲ್ಲವೆಂಬುದೂ ಸರಿಯೇ. 2023ರಲ್ಲಿ ಕರ್ನಾಟಕ ಸರ್ಕಾರ, ಕೂಲಿಗೆ ಹೋಗುವ ಇಂಥ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ'ಗಳನ್ನು ತೆರೆಯುವುದಾಗಿ ಪ್ರಕಟಿಸಿತು; ಗುರಿ 4,000. ಹೆಸರು ಚೆನ್ನಾಗಿದೆ. ಅಲ್ಲಿ ಕೂಸುಗಳನ್ನು ನೋಡಿಕೊಳ್ಳಲು ತರಬೇತಿ ಕೊಟ್ಟು ಕೂಲಿಗೆ ತೆಗೆದುಕೊಂಡದ್ದು ಅದೇ ಊರುಗಳ ಹೆಂಗಸರನ್ನು. ಈ ಕೆಲಸಕ್ಕೆ ಗಂಡಸರನ್ನೂ ಕರೆಯಬಹುದೆಂಬ ಆಲೋಚನೆ ಇನ್ನೂ ಯಾವ ಸುತ್ತೋಲೆಗೂ ಏರಿದಂತೆ ಕಾಣುವುದಿಲ್ಲ.